ಚಯಾಪಚಯ ಶಸ್ತ್ರಚಿಕಿತ್ಸೆ ಮತ್ತು ರಕ್ತದ ಸೂಚಕಗಳು: ಇತಿಹಾಸ

ಸ್ಥೂಲಕಾಯದ ಚಿಕಿತ್ಸೆಗಾಗಿ ಜಠರವನ್ನು ಕಿರಿದುಗೊಳಿಸುವ ಅಥವಾ ಸಣ್ಣ ಕರುಳಿನ ದಾರಿಯನ್ನು ಬದಲಿಸುವ ಶಸ್ತ್ರಚಿಕಿತ್ಸೆಗಳ ನಂತರ ರಕ್ತದ ಸಕ್ಕರೆ, ಇನ್ಸುಲಿನ್, ಕೊಬ್ಬಿನಂಶ ಮತ್ತು ಉರಿಯೂತದ ಸೂಚಕಗಳು ಸುಧಾರಿಸುತ್ತವೆ. ತೂಕ ಇಳಿಸಲೆಂದು ಹುಟ್ಟಿದ ಈ ಶಸ್ತ್ರಚಿಕಿತ್ಸೆ ಮಧುಮೇಹದ ಚಿಕಿತ್ಸೆಯೂ ಆದದ್ದು ರಕ್ತಪರೀಕ್ಷೆಗಳು ನೀಡಿದ ಪುರಾವೆಯಿಂದ.

ಆರಂಭ

1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಸಣ್ಣ ಕರುಳಿನ ಬಹುಭಾಗಕ್ಕೆ ಆಹಾರ ತಲುಪದಂತೆ ಮಾಡುವ ಬೈಪಾಸ್ ವಿಧಾನವನ್ನು ವರದಿ ಮಾಡಿದರು. ಈ ಬಗೆಯ ಬೈಪಾಸ್‌ನಿಂದ ತೂಕವೂ ಕೊಲೆಸ್ಟರಾಲೂ ಇಳಿದವು. ಆದರೆ ತೀವ್ರ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ವೈಫಲ್ಯಗಳು ಕಾಣಿಸಿಕೊಂಡಿದ್ದರಿಂದ ಈ ವಿಧಾನವನ್ನು ಮುಂದೆ ಕೈಬಿಡಲಾಯಿತು. 1967ರಲ್ಲಿ ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ, ಜಠರವನ್ನು ಕಿರಿದುಗೊಳಿಸಿ ಸಣ್ಣ ಕರುಳಿಗೆ ಜೋಡಿಸುವ ಜಠರ ಬೈಪಾಸ್ ವಿಧಾನವನ್ನು ಪ್ರಕಟಿಸಿದರು.

ಶಸ್ತ್ರಚಿಕಿತ್ಸಕ ಹೆನ್ರಿ ಬುಕ್‌ವಾಲ್ಡ್ ತೂಕವನ್ನು ಬದಿಗಿಟ್ಟು ರಕ್ತದ ಕೊಬ್ಬಿನ ಮೇಲೆಯೇ ಗಮನವಿಟ್ಟರು. ಹೃದಯಾಘಾತದಿಂದ ಬದುಕುಳಿದ 838 ಜನರ ಮೇಲೆ ಅವರ ತಂಡ ನಡೆಸಿದ ಪ್ರಯೋಗದ ಫಲಿತಾಂಶ 1990ರಲ್ಲಿ ಹೊರಬಂತು. ಕರುಳಿನ ಕೊನೆಯ ಭಾಗವನ್ನು ಬೈಪಾಸ್ ಮಾಡಿಸಿಕೊಂಡವರಲ್ಲಿ ಐದು ವರ್ಷಗಳ ನಂತರ ‘ಕೆಟ್ಟ’ ಎನಿಸಿದ ಎಲ್‌ಡಿಎಲ್ ಕೊಲೆಸ್ಟರಾಲ್ ಉಳಿದವರಿಗಿಂತ ಸುಮಾರು ಶೇ. 38ರಷ್ಟು ಕಡಿಮೆಯಿತ್ತು.

ಮಧುಮೇಹದತ್ತ ತಿರುವು

1995ರಲ್ಲಿ ಉತ್ತರ ಕೆರೊಲಿನಾದ ವಾಲ್ಟರ್ ಪೋರೀಸ್ ತಂಡ ಜಠರ ಬೈಪಾಸ್ ಆದ 608 ಜನರ ವಿವರಗಳನ್ನು ಪ್ರಕಟಿಸಿತು. ದೀರ್ಘಕಾಲ ತಪಾಸಣೆಗೆ ದೊರೆತ 146 ಮಧುಮೇಹಿಗಳಲ್ಲಿ 121 ಮಂದಿಯ ಸಕ್ಕರೆ ಸಹಜ ಮಟ್ಟದಲ್ಲೇ ಉಳಿದಿತ್ತು. ಇನ್ನೂ ಬೆರಗು ಹುಟ್ಟಿಸಿದ್ದು ಅದರ ವೇಗ: ತೂಕ ಗಣನೀಯವಾಗಿ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಸಕ್ಕರೆ ಹತೋಟಿಗೆ ಬರುತ್ತಿತ್ತು.

ಇದಕ್ಕೆ ಕಾರಣ ಒಂದೇ ಅಲ್ಲ. ಆಹಾರ ತೀರಾ ಕಡಿಮೆಯಾಗುವುದರಿಂದ ಯಕೃತ್ತು ಇನ್ಸುಲಿನ್‌ಗೆ ಬೇಗ ಸ್ಪಂದಿಸತೊಡಗುತ್ತದೆ. ಉಂಡದ್ದು ಕರುಳಿನ ಕೆಳಭಾಗಕ್ಕೆ ಬೇಗ ತಲುಪಿ ಜಿಎಲ್‌ಪಿ-1 ಹಾರ್ಮೋನು ಹೆಚ್ಚುತ್ತದೆ. ಅದು ಇನ್ಸುಲಿನ್ ಸ್ರವಿಕೆಯನ್ನು ಪ್ರಚೋದಿಸಿ ಹಸಿವನ್ನು ತಗ್ಗಿಸುತ್ತದೆ. ತೂಕ ಇಳಿದಂತೆ ಟ್ರೈಗ್ಲಿಸರೈಡ್ ಮತ್ತು ಉರಿಯೂತ ಸೂಚಿಸುವ ಸಿಆರ್‌ಪಿ ಕಡಿಮೆಯಾಗುತ್ತವೆ. ‘ಒಳ್ಳೆಯ’ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ನಿಧಾನವಾಗಿ ಏರುತ್ತದೆ.

ಪ್ರಯೋಗಗಳ ಪುರಾವೆ

2012ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಫಿಲಿಪ್ ಶಾವರ್ ತಂಡ 150 ಮಧುಮೇಹಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ. 6 ಅಥವಾ ಅದಕ್ಕಿಂತ ಕೆಳಗಿಳಿಯುವುದು ಗುರಿಯಾಗಿತ್ತು. ಒಂದು ವರ್ಷದ ನಂತರ ಈ ಗುರಿ ಮುಟ್ಟಿದವರು ಔಷಧಿ ಮಾತ್ರ ಪಡೆದವರಲ್ಲಿ ಶೇ. 12, ಜಠರ ಬೈಪಾಸ್ ಆದವರಲ್ಲಿ ಶೇ. 42, ಜಠರವನ್ನು ಕಿರಿದುಗೊಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 37. ಐದು ವರ್ಷಗಳಾದಾಗ ಇವು ಕ್ರಮವಾಗಿ 5, 29 ಮತ್ತು 23ಕ್ಕೆ ಇಳಿದವು.

1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನವೂ ಇದನ್ನೇ ತೋರಿಸಿತು. ಶಸ್ತ್ರಚಿಕಿತ್ಸೆಯಾದ ಮಧುಮೇಹಿಗಳಲ್ಲಿ ಎರಡು ವರ್ಷಗಳ ನಂತರ ಶೇ. 72 ಮಂದಿಗೆ ಕಾಯಿಲೆ ಉಪಶಮನವಾಗಿತ್ತು. 15 ವರ್ಷಗಳ ನಂತರ ಅದು ಶೇ. 30. ಲಾಭ ದೊಡ್ಡದು, ಆದರೆ ಎಲ್ಲರಲ್ಲೂ ಶಾಶ್ವತವಲ್ಲ. ಹಾಗಾಗಿ ವೈದ್ಯರು ‘ಗುಣವಾಯಿತು’ ಎನ್ನದೆ ‘ಉಪಶಮನ’ ಎನ್ನುತ್ತಾರೆ.

ಕೊರತೆಗಳ ಮೇಲೆ ಕಣ್ಣು

ಶಸ್ತ್ರಚಿಕಿತ್ಸೆಯ ನಂತರ ಕಬ್ಬಿಣ, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಕೊರತೆಯಾಗಬಹುದು. ವಾಂತಿ ಹೆಚ್ಚಿದರೆ ಬಿ1 ಕೊರತೆ ನರಗಳಿಗೇ ಕುತ್ತು. ಒಂದು ಕೊರತೆ ಇನ್ನೊಂದು ಪರೀಕ್ಷೆಯ ಅರ್ಥವನ್ನೂ ಕೆಡಿಸಬಲ್ಲದು. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದವರಲ್ಲಿ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ತೋರಬಹುದು. ಹಾಗಾಗಿ ಅದನ್ನು ಹಿಮೋಗ್ಲೋಬಿನ್ ಮತ್ತು ಕಬ್ಬಿಣದ ಸಂಗ್ರಹವನ್ನು ಸೂಚಿಸುವ ಫೆರಿಟಿನ್ ಜೊತೆಗಿಟ್ಟೇ ಓದಬೇಕು.

ಮಾರ್ಗಸೂಚಿಗಳು

1991ರ ಅಮೆರಿಕದ ಮಾರ್ಗಸೂಚಿ ತೂಕವನ್ನೇ ಮುಂದಿಟ್ಟುಕೊಂಡು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40, ಇತರ ಕಾಯಿಲೆಗಳಿದ್ದರೆ 35 ಎಂದು ಮಿತಿ ಹಾಕಿತ್ತು. 2016ರ ಅಂತರರಾಷ್ಟ್ರೀಯ ಹೇಳಿಕೆ, ಹತೋಟಿಗೆ ಬಾರದ ಮಧುಮೇಹವಿದ್ದರೆ ಬಿಎಂಐ 30ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದಿತು. ಏಷ್ಯಾದವರಿಗೆ ಈ ಮಿತಿ 27.5. ಕಡಿಮೆ ತೂಕದಲ್ಲೇ ಹೊಟ್ಟೆಯ ಬೊಜ್ಜು ಮತ್ತು ಮಧುಮೇಹಕ್ಕೆ ಒಳಗಾಗುವ ಭಾರತೀಯರಿಗೆ ಈ ಬದಲಾವಣೆ ಬಹು ಮುಖ್ಯ. ಶಸ್ತ್ರಚಿಕಿತ್ಸೆ ಒಮ್ಮೆ ಮುಗಿಯುತ್ತದೆ. ಪೂರಕ ವಿಟಮಿನ್‌ಗಳು ಮತ್ತು ನಿಯಮಿತ ರಕ್ತಪರೀಕ್ಷೆ ಜೀವನಪೂರ್ತಿ ಮುಂದುವರಿಯಬೇಕು.