ಪಟ್ಟಿ

ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ‘ಆಸ್ತಿ ತೆರಿಗೆ ಕಟ್ಟಿದೆ’ ಎನ್ನುವವರು ಅಪರೂಪ. ‘ಮನಿ ಪಟ್ಟಿ ತುಂಬೀನ್ರಿ’ ಎನ್ನುತ್ತಾರೆ. ನಳಕ್ಕೆ ಕೊಡುವುದು ನೀರ ಪಟ್ಟಿ. ಪಟ್ಟಿ ಬಾಕಿ ಉಳಿದಿದ್ದರೆ ಮನೆಯ ಉತಾರ, ಅಂದರೆ ದಾಖಲೆಯ ಪ್ರತಿ, ಸಿಗುವುದು ಕಷ್ಟ. ಪಂಚಾಯಿತಿಯ ರಸೀದಿಯಲ್ಲಿ ಮಾತ್ರ ಈ ಮಾತಿಗೆ ಜಾಗವಿಲ್ಲ. ಅಲ್ಲಿರುವುದು ಕರ: ನೀರಿನ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ.

ಪಟ್ಟಿ ಹುಟ್ಟಿದ್ದು ಬಟ್ಟೆಯಲ್ಲಿ. ಸಂಸ್ಕೃತದ ಪಟ್ಟ, ಪಟ್ಟಿಕಾ ಎಂದರೆ ಅರಿವೆಯ ಉದ್ದನೆಯ ಸೀಳು. ಗಾಯಕ್ಕೆ ಸುತ್ತುವ ಪಟ್ಟಿಯಲ್ಲಿ ಆ ಅರ್ಥ ಇನ್ನೂ ಉಳಿದಿದೆ. ಅದನ್ನೇ ಅರಸನ ಹಣೆಗೆ ಬಿಗಿದಾಗ ಪಟ್ಟ. ಅದಕ್ಕೇ ನಾವು ಇವತ್ತಿಗೂ ಪಟ್ಟ ‘ಕಟ್ಟು’ವುದು. ಉದ್ದನೆಯ ಹಾಳೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಇಳಿದಾಗ ಯಾದಿಯೂ ಪಟ್ಟಿಯಾಯಿತು. ಯಾರು ಎಷ್ಟು ಕೊಡಬೇಕೆಂಬ ಯಾದಿಯ ಹೆಸರು ಕೊಡುವ ಹಣಕ್ಕೂ ಅಂಟಿಕೊಂಡಿತು. ಮರಾಠಿಯಲ್ಲಿ ಘರಪಟ್ಟಿ, ಪಾಣೀಪಟ್ಟಿ ಇಂದಿಗೂ ದಿನಬಳಕೆಯ ಮಾತುಗಳು. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ವಿಜಾಪುರ ಜಿಲ್ಲೆಯ ನಾಲಿಗೆಗೆ ಅವು ಪರಕೀಯವೇನಲ್ಲ.

ಹೀಗೆ ಕೊಡುವುದಕ್ಕೆ ನಮ್ಮದೇ ಹಳೆಯ ಮಾತು ‘ತೆರು’. ಹಳಗನ್ನಡದಲ್ಲಿ ಅದು ಶಕಟರೇಫದ ತೆಱು, ಕೊಟ್ಟದ್ದು ತೆಱೆ. ತಮಿಳಿನಲ್ಲಿ ತಿಱೈ ಎಂದರೆ ಕಪ್ಪ. ಶಾಸನಗಳಲ್ಲಿ ಮನೆದೆರೆ, ಗಾಣದೆರೆ, ಮಗ್ಗದೆರೆ ಬರುತ್ತವೆ. ಜೊತೆಗೆ ಸುಂಕ. ಬಾಗೇವಾಡಿಯ ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವನು. ಅವನ ಸಂಗಡದ ಶರಣರಲ್ಲಿ ಸುಂಕದ ಬಂಕಣ್ಣನೂ ಒಬ್ಬ. ಆ ಕಾಲದ ಎಷ್ಟೋ ದಾನಶಾಸನಗಳು ಇಂಥ ಸುಂಕ ಇಂಥ ದೇವರ ದೀಪಕ್ಕೆ, ಇಂಥ ಕೆರೆಗೆ ಎಂದು ಕಲ್ಲಿನ ಮೇಲೇ ಬರೆದಿಟ್ಟಿವೆ. ಕೊಟ್ಟ ಹಣ ಎಲ್ಲಿಗೆ ಹೋಯಿತೆಂದು ಊರಿನವರು ನಿಂತು ನೋಡಬಹುದಿತ್ತು.

ಆ ಕಣ್ಣಳತೆ ಈಗ ಉಳಿದಿರುವುದು ಇನ್ನೊಂದು ಪಟ್ಟಿಯಲ್ಲಿ: ಜಾತ್ರೆಯ ಪಟ್ಟಿ. ಹಿರಿಯರು ವಹಿ ಹಿಡಿದು ಮನೆಮನೆಗೆ ಬರುತ್ತಾರೆ. ಹತ್ತೆಕರೆ ನೀರಾವರಿ ಇದ್ದವನಿಗೆ ಒಂದು ಮಾತು, ಕೂಲಿಯವಳಿಗೆ ಒಂದು ಮಾತು. ‘ನಿನ್ನ ಕೈಲಾದಷ್ಟು ಕೊಡವಾ’ ಅಂದು ಅವಳ ಇಪ್ಪತ್ತು ರೂಪಾಯಿಗೂ ಹೆಸರು ಬರೆದುಕೊಳ್ಳುತ್ತಾರೆ. ಜಾತ್ರೆಯ ದಿನ ಪಂಕ್ತಿಯಲ್ಲಿ ಕೂತಾಗ ಹುಗ್ಗಿ ಬಡಿಸುವವನು ಎಷ್ಟು ಪಟ್ಟಿ ಕೊಟ್ಟೆ ಎಂದು ಕೇಳುವುದಿಲ್ಲ, ಎಲೆ ನೋಡಿ ಬಡಿಸುತ್ತಾನೆ. ತೆರಿಗೆಯ ನ್ಯಾಯ ನನಗೆ ತಿಳಿದಿರುವುದು ಈ ಪಂಕ್ತಿಯಿಂದಲೇ.

ಮನೆ ಪಟ್ಟಿ ಹೀಗೆ ನಡೆಯಲಾರದು. 1993ರ ಪಂಚಾಯತ್ ರಾಜ್ ಕಾಯ್ದೆ ಕಟ್ಟಡಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿದೆ. ಆದರೆ ತಗಡಿನ ಮನೆಗಳೇ ಹೆಚ್ಚಿರುವ ಊರಲ್ಲಿ ಎಷ್ಟು ಪಟ್ಟಿ ಹುಟ್ಟೀತು? ಬೋರು ಮಾತ್ರ ಅಲ್ಲಿಯೂ ಅಷ್ಟೇ ಆಳಕ್ಕೆ ಇಳಿಯಬೇಕು, ಮೋಟರು ಸುಟ್ಟರೆ ಅಷ್ಟೇ ಖರ್ಚು. ತಾನು ತುಂಬಿದಷ್ಟೇ ಸೌಲಭ್ಯ ಎಂದರೆ ಬಡ ಊರು ಬಾಯಾರಿಯೇ ಇರಬೇಕು. ಉಳಿದದ್ದನ್ನು ರಾಜ್ಯವೇ ತುಂಬಿಕೊಡಬೇಕು. ಅದು ಭಿಕ್ಷೆಯಲ್ಲ, ಪಾಲು.

2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಯಾದಿಯಲ್ಲಿವೆ. ಅದನ್ನೂ ನಾವು ಕರೆಯುವುದು ಪಟ್ಟಿ ಎಂದೇ, ಹಿಂದುಳಿದ ತಾಲ್ಲೂಕುಗಳ ಪಟ್ಟಿ.

ಈ ತಾಲ್ಲೂಕುಗಳಿಂದ ಗೋವಾಕ್ಕೆ ದುಡಿಯಲು ಹೋದವರು ಅಲ್ಲಿ ಸೋಪು ಕೊಂಡರೂ ಅದರ ಜಿಎಸ್‌ಟಿಯಲ್ಲಿ ರಾಜ್ಯದ ಪಾಲು ಗೋವಾಕ್ಕೇ ಸೇರುತ್ತದೆ. ಊರಲ್ಲಿ ಬೀಗ ಹಾಕಿದ ಮನೆಯ ಬಾಕಿ ಬೆಳೆಯುತ್ತಿರುತ್ತದೆ. ಜಾತ್ರೆಗೆ ಬಂದವರು ದೇವರ ಪಟ್ಟಿ ಮೊದಲು ಕೊಟ್ಟು, ಆಮೇಲೆ ಪಂಚಾಯಿತಿಯ ಮೆಟ್ಟಿಲು ಹತ್ತುತ್ತಾರೆ. ರಸೀದಿಯನ್ನು ಸೆರಗಿನ ಗಂಟಿಗೆ ಸೇರಿಸುತ್ತಾ ಅವರಲ್ಲೊಬ್ಬ ತಾಯಿ ಕೇಳುತ್ತಾಳೆ: ‘ಪಟ್ಟಿ ತುಂಬೇವ್ರಿ. ನೀರ ಯಾವತ್ತ ಬಿಡ್ತೀರಿ?’