ತಪಾಸಣೆ ಮಾಡೋರ ಬಾಸ್ ಯಾರು?

1994ರ ಮೇ 13. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಕಟ್ಟುತ್ತಿದ್ದ ಮೊದಲ ಅಣು ರಿಯಾಕ್ಟರ್‌ನ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ ಕಳಚಿ ಬಿತ್ತು. ಕೆಲಸಗಾರರು ಗಾಯಗೊಂಡರು. ಇಂಧನ ಇನ್ನೂ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಬರಲಿಲ್ಲ. ಆದರೆ ಆ ಗುಮ್ಮಟ ಇರೋದೇ ಅಪಘಾತವಾದಾಗ ವಿಕಿರಣ ಹೊರಗೆ ಹೋಗದ ಹಾಗೆ ತಡೆಯೋಕೆ. ಮಳೆ ಬರೋ ಮೊದಲೇ ಕೊಡೆ ಹರಿದಿತ್ತು.

ಕಾರಣ ತೀರಾ ನಿಗೂಢವೇನಲ್ಲ. ಕಾಂಕ್ರೀಟಿನೊಳಗೆ ಬಿಗಿದು ಎಳೆದ ಉಕ್ಕಿನ ಕೇಬಲ್‌ಗಳು ಬಾಗಿದ ಗುಮ್ಮಟದಲ್ಲಿ ಪದರಗಳನ್ನು ಬೇರ್ಪಡಿಸುವ ಸೆಳೆತ ಹುಟ್ಟಿಸುತ್ತವೆ. ಅದನ್ನು ತಡೆದುಕೊಳ್ಳೋಕೆ ಅಡ್ಡಲಾಗಿ ಬೇಕಾದಷ್ಟು ಕಬ್ಬಿಣ ಇರಲಿಲ್ಲ. ಅಂದರೆ ಇದು ಡಿಸೈನ್‌ನಲ್ಲೇ ಇದ್ದ ಬಗ್. ಹಾಗಾದರೆ ರಿವ್ಯೂ ಮಾಡಿದವರು ಯಾರು? ಅವರ ಬಾಸ್ ಯಾರು?

ಸಾಫ್ಟ್‌ವೇರ್‌ನಲ್ಲಿರೋ ನಮಗೆ ಈ ಪ್ರಶ್ನೆ ಹೊಸದಲ್ಲ. ಟೆಸ್ಟಿಂಗ್ ಟೀಮೂ ಡೆವಲಪ್‌ಮೆಂಟ್ ಟೀಮೂ ಒಬ್ಬನೇ ಮ್ಯಾನೇಜರ್‌ಗೆ ರಿಪೋರ್ಟ್ ಮಾಡಿದರೆ, ರಿಲೀಸ್ ಹಿಂದಿನ ರಾತ್ರಿ ಯಾವ ಬಗ್ಗಿನ ತೀವ್ರತೆ ಎಷ್ಟಕ್ಕೆ ಇಳಿಯುತ್ತೆ ಅಂತ ವೈಟ್‌ಫೀಲ್ಡ್‌ನಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ಇದು ನಮ್ಮೂರ ಕೆರೆಯ ನೀರಗಂಟಿಗೂ ಗೊತ್ತಿದ್ದ ವಿಷಯ. ಅವನಿಗೆ ಕಾಳು ಅಳೆಯುತ್ತಿದ್ದದ್ದು ಅಚ್ಚುಕಟ್ಟಿನ ಎಲ್ಲ ರೈತರೂ ಸೇರಿ. ತೂಬಿನ ಪಕ್ಕದ ಗದ್ದೆಯವನೊಬ್ಬನೇ ಅಳೆದಿದ್ದರೆ ಕೊನೆಯ ಗದ್ದೆಗೆ ನೀರು ಹೋಗುತ್ತಿರಲಿಲ್ಲ.

ಅಣುಶಕ್ತಿಯಲ್ಲಿ ನೀರಗಂಟಿ ಕೆಲಸ ಅಣುಶಕ್ತಿ ನಿಯಂತ್ರಣ ಮಂಡಳಿಯದು, ಅಂದರೆ ಎಇಆರ್‌ಬಿಯದು. ಹುಟ್ಟಿದ್ದು 1983ರ ನವೆಂಬರ್ 15ರಂದು, ಸಂಸತ್ತಿನ ಕಾಯ್ದೆಯಿಂದಲ್ಲ, ಸರ್ಕಾರದ ಆದೇಶದಿಂದ. ಅದು ವರದಿ ಒಪ್ಪಿಸಬೇಕಾದದ್ದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಕೂಡ ಅದೇ ಇಲಾಖೆಯ ಕಂಪನಿ. ಡೆವಲಪ್‌ಮೆಂಟೂ ಟೆಸ್ಟಿಂಗೂ ಒಂದೇ ಸೂರಿನಡಿ!

ಪೀಣ್ಯದ ಕಾರ್ಖಾನೆಯೊಂದರ ಬಾಯ್ಲರ್ ನೋಡೋಕೆ ರಾಜ್ಯ ಸರ್ಕಾರದ ಇನ್ಸ್‌ಪೆಕ್ಟರ್ ಬರ್ತಾರೆ. ಕೈಗಾಕ್ಕೆ ಅವರು ಹೋಗಲ್ಲ. ಅಣುಶಕ್ತಿ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿರೋ ವಿಷಯ. ಅಲ್ಲಿ ಕಾರ್ಖಾನೆ ಕಾಯ್ದೆ ಜಾರಿ ಮಾಡುತ್ತಿದ್ದದ್ದೂ ಎಇಆರ್‌ಬಿಯೇ. ಹೀಗಾಗಿ ಕರ್ನಾಟಕದ ನೆಲ, ಕಾಳಿ ನದಿಯ ನೀರು, ನಮ್ಮ ಜನ ಇದ್ದರೂ ಆ ಗೇಟಿನೊಳಗಿನ ತಪಾಸಣೆಯಲ್ಲಿ ರಾಜ್ಯದ ಮಾತು ನಡೆಯಲ್ಲ. 1989ರಲ್ಲಿ 87 ವರ್ಷದ ಶಿವರಾಮ ಕಾರಂತರು ಕೈಗಾ ವಿರೋಧಿಸಿಯೇ ಲೋಕಸಭೆ ಚುನಾವಣೆಗೆ ನಿಂತು ಸೋತರು. ಅವರ ವಿರೋಧ ಒಪ್ಪಬೇಕೋ ಬೇಡವೋ, ಅದು ಬೇರೆ ಚರ್ಚೆ. ಪ್ರಶ್ನೆ ಕೇಳೋಕೆ ಆ ವಯಸ್ಸಿನಲ್ಲಿ ಚುನಾವಣೆಗೇ ಇಳಿಯಬೇಕಾಯ್ತು ಅನ್ನೋದನ್ನು ಮಾತ್ರ ಗಮನಿಸಿ.

ಗುಮ್ಮಟ ಬಿದ್ದಾಗ ಎಇಆರ್‌ಬಿ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ತನಿಖೆ ನಡೆಯಿತು, ಗುಮ್ಮಟದ ವಿನ್ಯಾಸ ಬದಲಾಯಿತು, ಹೊಸದಾಗಿ ಕಟ್ಟಿದರು. ಒಂದನೇ ಘಟಕ ವಾಣಿಜ್ಯ ಉತ್ಪಾದನೆ ಶುರುಮಾಡಿದ್ದು 2000ದ ನವೆಂಬರ್‌ನಲ್ಲಿ. ಈ ನಡುವೆ, 1995ರಲ್ಲಿ, ಅವರ ಮಂಡಳಿ ದೇಶದ ಅಣು ಸ್ಥಾವರಗಳ ಸುಮಾರು 130 ಸುರಕ್ಷತಾ ಸಮಸ್ಯೆಗಳನ್ನು ಪಟ್ಟಿ ಮಾಡಿತ್ತು. ಆ ವರದಿಯನ್ನು ಸರ್ಕಾರ ಗುಟ್ಟಾಗಿಟ್ಟಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿನ ತನಕ ಹೋಯಿತು. 2004ರಲ್ಲಿ ತೀರ್ಪು ಬಂತು. ಮಾಹಿತಿ ತಡೆಹಿಡಿಯೋಕೆ ಅಣುಶಕ್ತಿ ಕಾಯ್ದೆಯ 18ನೇ ಸೆಕ್ಷನ್ ಕೊಟ್ಟ ಅಧಿಕಾರವನ್ನು ಕೋರ್ಟ್ ಎತ್ತಿಹಿಡಿಯಿತು. ಬಗ್ ಪಟ್ಟಿ ಇದೆ, ಆದರೆ ನೋಡೋ ಪರ್ಮಿಷನ್ ನಮಗಿಲ್ಲ.

2009ರ ನವೆಂಬರ್ 24ರಂದು ಕೈಗಾ ಮತ್ತೆ ಸುದ್ದಿಯಾಯಿತು. ಕೆಲಸಗಾರರ ಮೂತ್ರದ ಮಾದರಿಗಳಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತ್ತು. ಹುಡುಕುತ್ತಾ ಹೋದರೆ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಯಾರೋ ಬೇಕಂತಲೇ ಅದಕ್ಕೆ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದಾರೆ ಅಂತ ಅಧಿಕಾರಿಗಳು ಹೇಳಿದರು. 50ಕ್ಕೂ ಹೆಚ್ಚು ಮಂದಿಯ ದೇಹಕ್ಕೆ ಅದು ಸೇರಿತ್ತು. ಒಂದು ಮಾತು ನ್ಯಾಯವಾಗಿ ಹೇಳಬೇಕು, ಇದು ಹೊರಬಿದ್ದದ್ದು ದಿನನಿತ್ಯದ ತಪಾಸಣೆಯಿಂದಲೇ. ಯಾರಿಗೂ ಬೇಡವಾದ, ಬೋರ್ ಹೊಡೆಸುವ ಟೆಸ್ಟ್ ಕೇಸ್‌ಗಳೇ ಜೀವ ಉಳಿಸೋದು.

2012ರಲ್ಲಿ ಸಿಎಜಿ ವರದಿ ಬಂತು. ಎಇಆರ್‌ಬಿಗೆ ಸ್ವತಂತ್ರ ಸ್ಥಾನವಿಲ್ಲ, ದಂಡ ಹಾಕೋ ಅಧಿಕಾರವಿಲ್ಲ ಎಂದಿತು. ನಿಯಮ ಮುರಿದರೆ ಕಾಯ್ದೆಯಲ್ಲಿದ್ದ ದಂಡ ಹೆಚ್ಚೆಂದರೆ 500 ರೂಪಾಯಿ. ನಮ್ಮ ರಿಂಗ್ ರೋಡಿನ ಟ್ರಾಫಿಕ್ ಪೊಲೀಸರ ಮುಂದೆ ಅದೇನು ಲೆಕ್ಕ?

ಇದೆಲ್ಲ ದೂರದ ಕಾಡಿನ ಕತೆ ಅಂದುಕೊಳ್ಳಬೇಡಿ. ಆಸ್ಪತ್ರೆಗಳ ಎಕ್ಸ್‌ರೇ ಯಂತ್ರಗಳೂ ಇದೇ ಮಂಡಳಿಯ ಕೈಕೆಳಗೆ ಬರುತ್ತವೆ. ದೇಶದ 57,443 ಎಕ್ಸ್‌ರೇ ಘಟಕಗಳಲ್ಲಿ ನೋಂದಣಿಯಾಗಿದ್ದದ್ದು 5,270 ಮಾತ್ರ ಅಂತ ಅದೇ ವರದಿ ಹೇಳಿತು. ಪ್ರತಿ ರಾಜ್ಯದಲ್ಲೂ ವಿಕಿರಣ ಸುರಕ್ಷತಾ ನಿರ್ದೇಶನಾಲಯ ಬೇಕು ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ನಿರ್ದೇಶಿಸಿತ್ತು. 2012ರ ಹೊತ್ತಿಗೆ ಮಾಡಿದ್ದು ಕೇರಳ ಮತ್ತು ಮಿಜೋರಾಂ ಮಾತ್ರ. ಐಟಿ ರಾಜಧಾನಿ ಇರೋ ನಮ್ಮ ರಾಜ್ಯ ಆ ಪಟ್ಟಿಯಲ್ಲಿರಲಿಲ್ಲ.

ಕೈಗಾದ ಎಂಜಿನಿಯರ್‌ಗಳು ಕೆಲಸ ಬಾರದವರು ಅಂತ ಇದರ ಅರ್ಥ ಅಲ್ಲ. ಗುಮ್ಮಟ ಕಳಚಿದ ಅದೇ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರ ತನಕ, 962 ದಿನ, ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಗುಮ್ಮಟ ಬಿದ್ದ ದಿನಕ್ಕೆ ಸರಿಯಾಗಿ 22 ವರ್ಷಕ್ಕೆ ಆ ಓಟ ಶುರುವಾಗಿತ್ತು. ಆದರೆ ಒಳ್ಳೆ ಡೆವಲಪರ್ ಇದ್ದಾನೆ ಅಂತ ಟೆಸ್ಟಿಂಗ್ ಬಿಡೋಕಾಗುತ್ತಾ?

ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ತಂದ ಮಸೂದೆ 2014ರಲ್ಲಿ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಮಸೂದೆ ಕೊನೆಗೂ ಎಇಆರ್‌ಬಿಗೆ ಶಾಸನದ ಬಲ ಕೊಟ್ಟಿದೆ, ಜೊತೆಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದಿದೆ. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ 5 ಮತ್ತು 6ನೇ ಘಟಕಗಳ ಕೆಲಸವೂ ನಡೆದಿದೆ. ಈ ಸಲ ಮೂರು ಪ್ರಶ್ನೆ ಮೊದಲೇ ಕೇಳಿಟ್ಟುಕೊಳ್ಳೋಣ: ತಪಾಸಕರನ್ನು ನೇಮಿಸೋರು ಯಾರು? ಕೆಲಸ ನಿಲ್ಲಿಸಿ ಅಂದರೆ ನಿಲ್ಲುತ್ತಾ? ಅವರು ಬರೆದದ್ದನ್ನು ಕಾರವಾರದ ಮೀನುಗಾರನೂ ಓದಬಹುದಾ? ಮುಂದಿನ ಹೆಲ್ತ್ ಚೆಕಪ್‌ಗೆ ಹೋದಾಗ ಎಕ್ಸ್‌ರೇ ರೂಮಿನವರ ಹತ್ತಿರ ಎಇಆರ್‌ಬಿ ಲೈಸೆನ್ಸ್ ಇದೆಯಾ ಅಂತ ಕೇಳಿ, ಅಭ್ಯಾಸಕ್ಕೆ ಅದು ಸಾಕು.