ಪುಸ್ತಕದ ಕೋಣೆಯ ಕೀಲಿ

ಊರಾಗ ಗುಡಿ ಕಟ್ಟಬೇಕೆಂದರೆ ಮನೆಮನೆಗೆ ಪಟ್ಟಿ ಎತ್ತುತ್ತಾರೆ. ಜಾತ್ರೆಗೂ ಪಟ್ಟಿ, ಉರುಸಿಗೂ ಪಟ್ಟಿ. ಪುಸ್ತಕದ ಕೋಣೆಗೆ ಒಂದಿಷ್ಟು ರೊಕ್ಕ ಕೂಡಿಸೋಣ ಅಂದರೆ ಮಾತ್ರ 'ಓದೋರು ಯಾರ ಅದಾರ್ರೀ ನಮ್ಮೂರಾಗ?' ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೇಮಳಖೇಡ, ಹುಮನಾಬಾದ, ಬಸವಕಲ್ಯಾಣ - ಈ ಸೀಮೆಯೊಳಗ ಓದುವವರು ಯಾಕೆ ಕಡಿಮೆಯಾದರು? ಇದನ್ನು ಕೇಳದೆ ಆ ಉತ್ತರವನ್ನು ಒಪ್ಪಿಕೊಳ್ಳುವುದು ಹೊಟ್ಟೆಗೆ ಕೊಡದೆ ಇವನಿಗೆ ಹಸಿವೇ ಇಲ್ಲ ಎಂದಂತೆ. ಆದ್ದರಿಂದ ನಾವು ಇತಿಹಾಸವನ್ನು ಕೆದಕಬೇಕಾಗಿದೆ. ಪುಸ್ತಕಗಳು ಈ ನೆಲದಲ್ಲಿ ಇರಲಿಲ್ಲವೆ? ಇದ್ದವು. ಕೋಣೆಯ ಕೀಲಿ ಯಾರ ಉಡಿಯೊಳಗಿತ್ತು ಎಂಬುದೇ ಪ್ರಶ್ನೆ.

ಬೇಮಳಖೇಡದಿಂದ ದಕ್ಷಿಣಕ್ಕೆ, ಈಗಿನ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಮಗ್ಗುಲಿಗೆ ನಾಗಾವಿ ಇದೆ. ಅಲ್ಲಿ 1058ರ ಒಂದು ಶಾಸನ ನಿಂತಿದೆ. ಕಲ್ಯಾಣದ ಚಾಲುಕ್ಯರ ದಂಡನಾಯಕ ಮಧುಸೂದನ ಕಟ್ಟಿಸಿದ ಘಟಿಕಾಸ್ಥಾನದ ಲೆಕ್ಕ ಅದರಲ್ಲಿದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50 ಮಂದಿ, ಅವರಿಗೆ ಕಲಿಸುವ ಉಪಾಧ್ಯಾಯರು. ಇವರ ಜತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗರು'. ಅಂದರೆ ಪುಸ್ತಕ ಕಾಯುವವರು, ಇಂದಿನ ಮಾತಿನಲ್ಲಿ ಗ್ರಂಥಪಾಲಕರು. ಸಾವಿರ ವರ್ಷಕ್ಕೆ ಹತ್ತಿರದ ಹಿಂದೆ, ನಮ್ಮ ಈ ಕರಿಮಣ್ಣಿನ ಸೀಮೆಯಲ್ಲಿ, ಒಂದೇ ವಿದ್ಯಾಲಯಕ್ಕೆ ಆರು ಮಂದಿ ಗ್ರಂಥಪಾಲಕರು! ಇಂದು ಒಂದು ಹೋಬಳಿಯ ಎಲ್ಲ ಗ್ರಂಥಾಲಯ ಕೂಡಿಸಿದರೂ ಅಷ್ಟು ಮಂದಿ ಸಿಗುವುದು ಕಷ್ಟ.

ಈ ಶಾಸನವನ್ನು ತೋರಿಸಿ ನಮ್ಮ ಪಂಡಿತರು ಎದೆ ಉಬ್ಬಿಸುತ್ತಾರೆ. ಉಬ್ಬಿಸಲಿ. ಆದರೆ ಇಂಥ ವಿದ್ಯಾಲಯಗಳು ನಡೆದದ್ದು ದತ್ತಿ ಬಿಟ್ಟ ಭೂಮಿಯಿಂದ. ಆ ಭೂಮಿಯನ್ನು ಉತ್ತವರು, ಬಿತ್ತಿದವರು, ರಾಶಿ ಮಾಡಿ ಕಾಳನ್ನು ಘಟಿಕಾಸ್ಥಾನದ ಬಾಗಿಲಿಗೆ ಹೊತ್ತು ತಂದವರು ಯಾರು? ಅವರ ಮಕ್ಕಳು ವೇದದ 200ರಲ್ಲೂ ಇಲ್ಲ, ಶಾಸ್ತ್ರದ 50ರಲ್ಲೂ ಇಲ್ಲ. ಕಾಳು ನಮ್ಮದು, ಓದು ಅವರದು. ಇದು ನಮ್ಮ ಸೀಮೆಯ ಮೊದಲ ಗ್ರಂಥಾಲಯದ ಲೆಕ್ಕ.

ಮುಂದೆ ಕಲ್ಯಾಣಕ್ಕೆ ಬರೋಣ. ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನ ಎಷ್ಟು ಗಟ್ಟಿ ಅಂದರೆ, ಬ್ರಿಟಿಷರ ಕೋರ್ಟುಗಳಲ್ಲಿ ಸಹ ಯಾರಿಗೆ ಆಸ್ತಿ, ಯಾರಿಗಿಲ್ಲ ಎಂಬುದನ್ನು ಅದೇ ತೀರ್ಮಾನಿಸುತ್ತಿತ್ತು. ಒಂದು ಪುಸ್ತಕ ಎಂಟುನೂರು ವರ್ಷ ಜನರ ಬದುಕನ್ನು ಆಳಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದು ಸಂಸ್ಕೃತದಲ್ಲಿತ್ತು. ಯಾರ ಮೇಲೆ ಆ ಕಾನೂನು ಬಿತ್ತೋ ಅವರಿಗೆ ಅದನ್ನು ಬಿಚ್ಚಿ ನೋಡುವ ದಾರಿ ಇರಲಿಲ್ಲ.

ಅದೇ ಕಲ್ಯಾಣದಲ್ಲಿ, ಅದೇ ಹನ್ನೆರಡನೆಯ ಶತಮಾನದಲ್ಲಿ, ಇನ್ನೊಂದು ಬಗೆಯ ಭಂಡಾರ ಹುಟ್ಟಿತು. ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿ, ಅವನ ಹೆಂಡತಿ ಕಾಳವ್ವೆ, ಕಸ ಗುಡಿಸುವ ಸತ್ಯಕ್ಕ ಇವರೆಲ್ಲ ಮಾತಾಡಿದರು. ಅವರ ಮಾತು ಬರಹವಾಯಿತು. ಬಾಯಿ ಇಲ್ಲದವರೆಂದು ಕರೆಸಿಕೊಂಡವರು ಪುಸ್ತಕದ ಒಳಗೆ ಬಂದದ್ದು ಈ ನೆಲದಲ್ಲಿ ಅದೇ ಮೊದಲು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಕಣ್ಣು ಕೀಳಿಸಿ ಆನೆಯ ಕಾಲಿಗೆ ಕಟ್ಟಿದರೆಂದು ಪರಂಪರೆ ಹೇಳುತ್ತದೆ. ಶರಣರು ಚದುರಿದರು. ಚನ್ನಬಸವಣ್ಣನ ಜತೆಗೆ ವಚನದ ಕಟ್ಟುಗಳು ಉಳವಿಯ ಕಾಡಿಗೆ ಹೋದವೆಂದೂ ಅದೇ ಪರಂಪರೆ ಹೇಳುತ್ತದೆ. ತಲೆಯ ಮೇಲೆ ಪುಸ್ತಕ ಹೊತ್ತು, ಹಿಂದೆ ಬರುವ ದಂಡಿನಿಂದ ತಪ್ಪಿಸಿಕೊಂಡು ಓಡಿದ ಗ್ರಂಥಾಲಯ ಅದು!

ಆಮೇಲೆ ಏನಾಯಿತು? ಆ ತಾಡೋಲೆಗಳು ಮಠಗಳಲ್ಲಿ, ಮನೆಗಳ ಜಗುಲಿಗಳಲ್ಲಿ ವಸ್ತ್ರ ಸುತ್ತಿಸಿಕೊಂಡು ಕೂತವು. ವಿಭೂತಿ ಹಚ್ಚಿದರು, ಪೂಜೆ ಮಾಡಿದರು. ಬಿಚ್ಚಿ ಓದಿದವರು ಕಡಿಮೆ. ಫ.ಗು. ಹಳಕಟ್ಟಿಯವರು ಊರೂರು ಅಲೆದು, ಕಟ್ಟು ಬಿಚ್ಚಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತರುವ ತನಕ ಕಕ್ಕಯ್ಯನ ಮಾತು ಕಕ್ಕಯ್ಯನ ಕುಲದವರಿಗೇ ದೊರೆಯಲಿಲ್ಲ. ಪೂಜೆಯೂ ಒಂದು ಕೀಲಿ ಎಂಬುದನ್ನು ನಾವು ಮರೆಯಬಾರದು.

ಬೀದರಿಗೆ ಹೋದವರು ಮಹಮೂದ್ ಗವಾನನ ಮದರಸಾ ನೋಡಿರುತ್ತಾರೆ. 1472ರಲ್ಲಿ ಕಟ್ಟಿದ್ದು. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಇರಾನದಿಂದ ಬಂದ ಆ ವಜೀರ ತನ್ನ ಸಂಪತ್ತನ್ನು ಪುಸ್ತಕಕ್ಕೂ ವಿದ್ಯಾರ್ಥಿಗಳಿಗೂ ಸುರಿದ. 1481ರಲ್ಲಿ ಅರಮನೆಯ ಪಿತೂರಿಗೆ ತಲೆ ಕೊಟ್ಟ. ಔರಂಗಜೇಬ ಬೀದರ ಗೆದ್ದ ಮೇಲೆ ಆ ಕಟ್ಟಡದಲ್ಲಿ ದಂಡು ಇಳಿಯಿತು, ಮದ್ದಿನ ಪುಡಿ ತುಂಬಿದರು. ಹದಿನೇಳನೆಯ ಶತಮಾನದ ಕೊನೆಗೆ ಅದು ಸಿಡಿದು ಮುಂಭಾಗದ ಅರ್ಧ ಹಾರಿಹೋಯಿತು. ಪುಸ್ತಕದ ಜಾಗದಲ್ಲಿ ಮದ್ದು ತುಂಬಿದರೆ ಏನಾಗುತ್ತದೆ ಎಂಬುದನ್ನು ಆ ಮುರಿದ ಗೋಡೆ ಇಂದಿಗೂ ಹೇಳುತ್ತಾ ನಿಂತಿದೆ. ಆದರೆ ಅಲ್ಲಿಯ ವಿದ್ಯೆ ಅರಬ್ಬಿ, ಫಾರಸಿಯದು. ಕೋಟೆಯ ಹೊರಗಿನ ಕೇರಿಯ ಕನ್ನಡ, ತೆಲುಗು, ಮರಾಠಿಗೆ ಅಲ್ಲಿ ಜಾಗ ಇರಲಿಲ್ಲ.

ನಿಜಾಮನ ಕಾಲಕ್ಕೂ ಇದೇ ಕತೆ. 1891ರಲ್ಲಿ ಹೈದರಾಬಾದಿನಲ್ಲಿ ಆಸಫಿಯಾ ಗ್ರಂಥಾಲಯ ತೆರೆಯಿತು. 1936ರಲ್ಲಿ ಮೂಸಿ ನದಿಯ ದಂಡೆಗೆ ಅರಮನೆಯಂಥ ಕಟ್ಟಡವೂ ಬಂತು. ಬೇಮಳಖೇಡದಿಂದ ಅದು ನೂರು ಕಿಲೋಮೀಟರಿಗೂ ದೂರ. ದಾರಿಯ ದೂರ ಹೋಗಲಿ, ಭಾಷೆಯ ದೂರ ಎಷ್ಟು? ಆಡಳಿತ ಉರ್ದು, ಶಾಲೆ ಉರ್ದು, ಕಚೇರಿ ಉರ್ದು. ಮನೆಯೊಳಗ ಕನ್ನಡ, ತೆಲುಗು ಆಡುವ ಕೂಲಿಯವನಿಗೆ ತನ್ನ ಹೆಬ್ಬೆಟ್ಟು ಬಿದ್ದ ಕಾಗದದಾಗ ಏನು ಬರದದ ಅನ್ನೋದೇ ಗೊತ್ತಿರಲಿಲ್ಲ. ಪಟವಾರಿ ಓದಿ ಹೇಳಿದ್ದೇ ವೇದ. ಭೂಮಿ ಹೋದದ್ದು ಹಂಗ, ಬಿಟ್ಟಿ ಚಾಕರಿ ಬಂದದ್ದು ಹಂಗ. ಇದನ್ನು ಹಿಂದೂ-ಮುಸ್ಲಿಂ ಜಗಳ ಮಾಡುವವರಿಗೆ ನಾವು ಹೇಳುವುದು ಇಷ್ಟೆ: ಓದಲು ಬಾರದ ಬಡ ಮುಸಲ್ಮಾನನೂ ಆಸಫಿಯಾದ ಮೆಟ್ಟಿಲು ಹತ್ತಲಿಲ್ಲ, ನಾಗಾವಿಯ ಭಂಡಾರಕ್ಕೆ ಕೇರಿಯ ಹಿಂದೂ ಕಾಲಿಡಲಿಲ್ಲ.

ಜನ ಸುಮ್ಮನೆ ಕೂಡಲಿಲ್ಲ. 1901ರಲ್ಲಿ ಹೈದರಾಬಾದಿನಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಹುಟ್ಟಿತು. ಅಲ್ಲಿಂದ ತೆಲುಗು ಜಿಲ್ಲೆಗಳಲ್ಲಿ ಗ್ರಂಥಾಲಯಗಳೇ ಚಳವಳಿಯಾದವು. ಪತ್ರಿಕೆ ಓದುವ ನೆಪದಲ್ಲಿ ಜನ ಕೂಡಿದರು, ಕೂಡಿದವರು ಪ್ರಶ್ನೆ ಕೇಳಿದರು. ಅದೇ ನಗರದಲ್ಲಿ ಭಾಗ್ಯರೆಡ್ಡಿ ವರ್ಮಾ 1906ರಲ್ಲಿ ಜಗನ್ ಮಿತ್ರ ಮಂಡಳಿ ಕಟ್ಟಿ, ಆದಿಹಿಂದೂಗಳೆಂದು ಕರೆದುಕೊಂಡ ನಮ್ಮವರ ಮಕ್ಕಳಿಗೆ ಶಾಲೆ ತೆರೆದರು. ನಮ್ಮ ಬೀದರ ಸೀಮೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗು ಹಾಕಿ ಒಳಗೆ ಕನ್ನಡ ಕಲಿಸಿದರು. ಬೋರ್ಡು ಒಂದು, ಪಾಠ ಇನ್ನೊಂದು! ಆಳುವವನ ಕಣ್ಣಿಗೆ ಮಣ್ಣೆರಚಿ ಅಕ್ಷರ ಕಲಿತ ಸೀಮೆ ಇದು. ಇಲ್ಲಿ ಓದೋರಿಲ್ಲ ಅನ್ನುವ ನಾಲಿಗೆಗೆ ನಾಚಿಕೆ ಆಗಬೇಕು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1951ರ ಜನಗಣತಿಯ ಹೊತ್ತಿಗೆ ಹೈದರಾಬಾದ್ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತೂ ಇರಲಿಲ್ಲ. ಕೇರಿಯ ಹೆಣ್ಣುಮಕ್ಕಳ ಲೆಕ್ಕ ಕೇಳುವುದೇ ಬೇಡ. 1955ರಲ್ಲಿ ಹೈದರಾಬಾದ್ ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮಾಡಿತು. ಮರುವರ್ಷವೇ, 1956ರ ನವೆಂಬರ್ 1ಕ್ಕೆ, ಆ ರಾಜ್ಯವೇ ಮೂರು ಹೋಳಾಯಿತು. ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ಮರಾಠಿ ಕಡೆಗೆ ಹೋದವು. ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು ಆಂಧ್ರಕ್ಕೆ ಹೋಯಿತು. ಉಳಿದ ನಾವು ಮೈಸೂರು ರಾಜ್ಯದ ತುತ್ತತುದಿಯಾದೆವು. ಬೆಂಗಳೂರಿಗೆ ಅತಿ ದೂರದವರು, ಹಿಂದುಳಿದವರು ಎಂಬ ಹೆಸರು ಹೊತ್ತವರು.

ಈಗ ಮುಖ್ಯ ಮಾತಿಗೆ ಬರುತ್ತೇವೆ. ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಭಾಗ ಬಾವಿ, ಕೆರೆ, ರಸ್ತೆಗಳ ಜತೆಗೆ, ಸರಕಾರದ ಹಣದಿಂದ ನಡೆಯುವ ಸಾರ್ವಜನಿಕ ಸ್ಥಳ ಯಾವುದನ್ನೂ ಜಾತಿಯ ಕಾರಣಕ್ಕೆ ಯಾರಿಗೂ ಮುಚ್ಚುವಂತಿಲ್ಲ ಎನ್ನುತ್ತದೆ. 1927ರಲ್ಲಿ ಮಹಾಡದ ಕೆರೆಯ ನೀರಿಗೆ ಕೈಯಿಟ್ಟ ಬಾಬಾಸಾಹೇಬರ ಹೋರಾಟ ಆ ಸಾಲುಗಳ ಹಿಂದೆ ಇದೆ. ಶಾಲೆಯಲ್ಲಿ ಗೋಣಿ ತಟ್ಟಿನ ಮೇಲೆ ಬೇರೆ ಕೂತ ಹುಡುಗ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಯಾರೂ 'ನಿನ್ನ ಕುಲ ಯಾವುದು' ಎಂದು ಕೇಳದ ಮೇಜಿನ ಮುಂದೆ ಕೂತು ಓದಿದ. ಆಮೇಲೆ ಮುಂಬಯಿಯ ದಾದರಿನಲ್ಲಿ ಪುಸ್ತಕಕ್ಕಾಗಿಯೇ ರಾಜಗೃಹ ಕಟ್ಟಿಸಿದ. ಸಾರ್ವಜನಿಕ ಗ್ರಂಥಾಲಯ ಅಂದರೆ ಅಕ್ಷರದ ಕೆರೆ. ಅಲ್ಲಿ ಮುಟ್ಟಿದರೆ ಮೈಲಿಗೆ ಇಲ್ಲ.

1965ರಲ್ಲಿ ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲೇ ನೆಲೆಸಿದ್ದ ಕಾಲ ಅದು. ಪುಸ್ತಕ ಇರುವುದು ಬಳಸುವುದಕ್ಕೆ, ಕಾಯುವುದಕ್ಕಲ್ಲ ಎಂಬ ತತ್ವವನ್ನು ಅವರು 1931ರಲ್ಲೇ ಬರೆದಿದ್ದರು. ಕಾಯಿದೆಯ ಜೀವ ಇರುವುದು ಕರದಲ್ಲಿ. ಮನೆ, ನಿವೇಶನಗಳ ತೆರಿಗೆಯ ಮೇಲೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ. ಕೇಳಿರಿ ಗೆಳೆಯರೆ, ಗ್ರಂಥಾಲಯ ಯಾರೋ ಸಾಹುಕಾರ ಮಾಡಿದ ಧರ್ಮವಲ್ಲ. ತಗಡಿನ ಮನೆಯವನು ಕಟ್ಟಿದ ತೆರಿಗೆಯಲ್ಲೂ ಅದರ ಪಾಲಿದೆ. ಬೆಂಗಳೂರಿನ ಮಹಾನಗರ ಪಾಲಿಕೆಯೇ ವಸೂಲು ಮಾಡಿದ ಕರವನ್ನು ಇಲಾಖೆಗೆ ಕಟ್ಟದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡದ್ದು ಎಲ್ಲರಿಗೂ ಗೊತ್ತು. ನಾಗಾವಿಯಲ್ಲಿ ಕಾಳು ಕೊಟ್ಟವರಿಗೆ ಓದು ಸಿಗಲಿಲ್ಲ. ಇಂದು ಕರ ಕೊಟ್ಟವರಿಗೆ ಪುಸ್ತಕ ಸಿಗದಿದ್ದರೆ ಏನು ಬದಲಾದಂತಾಯಿತು?

ಕೋಣೆ ಸಿಕ್ಕರೂ ಕಪಾಟಿನಲ್ಲಿ ಏನಿದೆ ಎಂದು ನೋಡಬೇಕು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಮೈಸೂರಿನಲ್ಲಿ 'ಬೂಸಾ' ಎಂಬ ಒಂದು ಮಾತು ಆಡಿದ್ದಕ್ಕೆ ರಾಜ್ಯವೆಲ್ಲ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು. ಆದರೆ ಅವರು ಕೇಳಿದ್ದು ಕಪಾಟಿನ ಪ್ರಶ್ನೆಯೇ: ಇಷ್ಟು ಪುಸ್ತಕಗಳಲ್ಲಿ ನಾವು ಎಲ್ಲಿದ್ದೇವೆ? ಆಮೇಲೆ ಹೊಲೆಮಾದಿಗರ ಹಾಡು ಬಂತು, ಕತೆಗಳು ಬಂದವು, ಆತ್ಮಕತೆಗಳು ಬಂದವು. ಅವು ಬೆಂಗಳೂರಿನ ಅಂಗಡಿಯಲ್ಲಿ ಸಿಕ್ಕರೆ ಸಾಲದು. ಚಿಟಗುಪ್ಪದ, ಮನ್ನಾಎಖೇಳ್ಳಿಯ, ಬೇಮಳಖೇಡದ ಹುಡುಗಿಯ ಕೈಗೆ ಎಟುಕಬೇಕು. ಗಡಿಸೀಮೆಯಾದ್ದರಿಂದ ಕನ್ನಡದ ಮಗ್ಗುಲಿಗೆ ಉರ್ದು, ತೆಲುಗು, ಮರಾಠಿಯೂ ಇರಬೇಕು.

2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. 2020ರಲ್ಲಿ 'ಓದುವ ಬೆಳಕು' ಹೆಸರಿನಲ್ಲಿ ಊರ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಈಗ ಅವಕ್ಕೆ 'ಅರಿವು ಕೇಂದ್ರ' ಎಂಬ ಹೆಸರು. ಐದು ಸಾವಿರಕ್ಕೂ ಮೀರಿ ಇವೆ. ಒಳ್ಳೆಯದೇ ಆಯಿತು, ನಾವು ಹೊಗಳುತ್ತೇವೆ. ಆದರೆ ಕೋಣೆ ನಡೆಸುವ ಮೇಲ್ವಿಚಾರಕರನ್ನು ವರ್ಷಾನುಗಟ್ಟಲೆ ಬರೀ ಗೌರವಧನದ ಮೇಲೆ ದುಡಿಸಿದ್ದನ್ನು ಮರೆಯುವುದಿಲ್ಲ. ಗೌರವ ಅಂಬೋದು ಹೆಸರಿನಾಗ ಇದ್ದರ ಹೊಟ್ಟಿ ತುಂಬತದೇನು?

ಗ್ರಂಥಾಲಯದಿಂದ ಊರಿಗೆ ಏನು ಸಿಗುತ್ತದೆ? ಒಂದೇ ಕೋಣೆಯ ಮನೆಯೊಳಗ ಐದು ಮಂದಿ ಮಲಗುವಲ್ಲಿ ಎಸ್ಸೆಸ್ಸೆಲ್ಸಿ ಹುಡುಗನಿಗೆ ಒಂದು ಮೇಜು, ಒಂದು ದೀಪ ಸಿಗುತ್ತದೆ. ನೌಕರಿಯ ಜಾಹೀರಾತು ಕೊನೆಯ ತಾರೀಖು ಮುಗಿಯುವ ಮುಂಚೆ ಕಣ್ಣಿಗೆ ಬೀಳುತ್ತದೆ. 371 ಜೆ ಅಡಿ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಮೀಸಲಾದ ಹುದ್ದೆ ಯಾವುವು ಎಂದು ಗೊತ್ತಾಗುತ್ತದೆ. 1989ರ ದೌರ್ಜನ್ಯ ತಡೆ ಕಾಯಿದೆ, 2005ರ ಮಾಹಿತಿ ಹಕ್ಕು, ಉದ್ಯೋಗ ಖಾತ್ರಿಯ ಕಾನೂನು - ಇವನ್ನು ದಲ್ಲಾಳಿಯ ಬಾಯಿಂದ ಕೇಳದೆ ತಾವೇ ಓದಬಹುದು. ಅಂದು ಪಟವಾರಿ ಓದಿ ಹೇಳಿದ್ದೇ ವೇದವಾಗಿತ್ತಲ್ಲ, ಆ ಕಾಲ ಮುಗಿಯುವುದು ಇಲ್ಲಿಯೇ.

2021ರ ಏಪ್ರಿಲಿನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡುವ ಮುಸ್ಲಿಂ ಹಿರಿಯರೊಬ್ಬರು ತಮ್ಮ ದುಡಿಮೆಯಲ್ಲಿ ಕಟ್ಟಿದ್ದ ಗ್ರಂಥಾಲಯ ಬೆಂಕಿಗೆ ಸಿಕ್ಕಿ ಸುಮಾರು 11 ಸಾವಿರ ಪುಸ್ತಕ ಬೂದಿಯಾದವು. ಹೆಚ್ಚಿನವು ಕನ್ನಡದವು. ತಾವು ಶಾಲೆ ಕಲಿಯಲಾಗಲಿಲ್ಲ, ಬೇರೆಯವರಾದರೂ ಓದಲಿ ಎಂದು ಅವರು ಅದನ್ನು ನಡೆಸುತ್ತಿದ್ದರು. 'ಓದೋರು ಯಾರ ಅದಾರ' ಅನ್ನುವವರ ಮುಂದೆ ನಾವು ಇವರನ್ನು ನಿಲ್ಲಿಸುತ್ತೇವೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಗ್ರಾಮಸಭೆಗೆ ಹೋಗಬೇಕು. ಹೆಣ್ಣುಮಕ್ಕಳನ್ನು ಕರಕೊಂಡು ಹೋಗಬೇಕು. ಎದ್ದು ನಿಂತು ಕೇಳಬೇಕು: ಈ ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಪುಸ್ತಕಕ್ಕೆ ಹೋಯಿತು? ಕೋಣೆ ಯಾರ ಓಣಿಯಲ್ಲಿದೆ, ಕೇರಿಯ ಮಕ್ಕಳು ಅಂಜದೆ ಅಲ್ಲಿಗೆ ನಡೆದು ಹೋಗಬಲ್ಲರೆ? ಕೂಲಿ ಮುಗಿಸಿ ಬರುವವರಿಗೆ ಸಂಜೆ ಎಷ್ಟು ಹೊತ್ತಿನ ತನಕ ಬಾಗಿಲು ತೆರೆದಿರುತ್ತದೆ? ಅಂಬೇಡ್ಕರ್ ಬರಹಗಳ ಸಂಪುಟಗಳು ಕಪಾಟಿನಲ್ಲಿವೆಯೋ, ಪೆಟ್ಟಿಗೆಯಲ್ಲಿ ಕಟ್ಟಿಟ್ಟಿವೆಯೋ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬರೆದದ್ದನ್ನು ಅಲ್ಲೇ ಓದಿ ನೋಡಿ, ಆಮೇಲೆ ಸಹಿ ಹಾಕಬೇಕು.